ಪಾದೆಯ ಮೇಲೆ ಎರಡು ಕಡ್ಡಿ

ಸಂಜೆ ಯಜ್ಞೇಶ್ವರ ಭಟ್ಟರು ಪಾದೆಕಲ್ಲಿನ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಿದ್ದಾಗ, ಚುನಾವಣೆಯಂದಿನಿಂದ ತಮ್ಮೊಡನೆ ಮಾತು ಬಿಟ್ಟಿದ್ದ ಕುಕ್ಕಪ್ಪ ಗೌಡರು ಏದುಸಿರು ಬಿಡುತ್ತ ಗುಡ್ಡೆ ಹತ್ತಿ ಬಂದರು. ಬಂದವರು ಚಪ್ಪಲಿ ಕಳಚಿಟ್ಟರು. ಭಟ್ಟರಿಗೆ ವಿಚಿತ್ರವೆನಿಸಿತು. ಪಾದೆಯ ಮೇಲೆ ದೇವರೇನೂ ಇರಲಿಲ್ಲ. ಇದ್ದದ್ದು ಮೊಬೈಲಿನ ರೇಂಜ್ ಮಾತ್ರ.

ಅದೂ ಎಲ್ಲ ಕಡೆ ಅಲ್ಲ. ಕುಂಟಾಲ ಮರದ ಬುಡದಲ್ಲಿ ಒಂದು ಮೊಳ ಜಾಗ. ಅಲ್ಲಿ ನಿಂತು ಫೋನ್ ಎತ್ತಿ ಹಿಡಿದರೆ ಗಡಿಯಾಚೆ ಕೇರಳದ ಟವರಿನಿಂದ ಎರಡು ಕಡ್ಡಿ ಸಿಗ್ನಲ್ ತೇಲಿ ಬರುತ್ತಿತ್ತು, ಅದೂ ಭಟ್ಟರ ಸಿಮ್ಮಿಗೆ ಮಾತ್ರ. ಊರಿಗೊಂದು ಟವರ್ ಬೇಕೆಂದು ಅವರು ವರ್ಷಗಟ್ಟಲೆ ಅಲ್ಲಿಂದಲೇ ಫೋನಿನಲ್ಲಿ ಇಲಾಖೆಗೆ, ಮಂತ್ರಿಗೆ, ಮಂತ್ರಿಯ ಮೇಲಿನವರಿಗೆ ಬರೆದದ್ದೇ ಬರೆದದ್ದು. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಕೊನೆಗೆ ‘ಟವರ್ ಇಲ್ಲದಿದ್ದರೆ ಓಟೂ ಇಲ್ಲ’ ಎಂದು ಬ್ಯಾನರ್ ಕಟ್ಟಿಸಿದರು. ಪಂಚಾಯತಿನ ಮಾಜಿ ಸದಸ್ಯರಾದ ಗೌಡರು ಮತದಾನದ ದಿನ ಬೆಳಿಗ್ಗೆ ಅದನ್ನು ಕತ್ತಿಯಲ್ಲಿ ಕೊಯ್ದು ಹಾಕಿದರು. ಅಂದಿನಿಂದ ಇಬ್ಬರೂ ದಾರಿಯಲ್ಲಿ ಎದುರಾದರೆ ರಬ್ಬರ್ ಮರಗಳನ್ನು ನೋಡಿಕೊಂಡು ಹೋಗುತ್ತಿದ್ದರು.

“ಭಟ್ರೆ, ಒಂದು ಓಟು ಕೇಳ್ಲಿಕ್ಕೆ ಬಂದದ್ದು” ಎಂದರು ಗೌಡರು.

“ಟವರ್ ಬಂತಾ?”

“ನನಗಲ್ಲ ಮಾರಾಯ್ರೆ. ನವ್ಯಾಗೆ.”

ನವ್ಯಾ ಗೌಡರ ಮಗಳು. ಟಿವಿಯ ಹಾಡಿನ ಸ್ಪರ್ಧೆಯಲ್ಲಿ ಇನ್ನೂ ಉಳಿದಿದ್ದ ಕೆಲವರಲ್ಲಿ ಅವಳೂ ಒಬ್ಬಳು. ಆ ಸಂಜೆಯ ಕಾರ್ಯಕ್ರಮ ಮುಗಿಯುವುದರೊಳಗೆ ಕೊಟ್ಟ ಒಂದು ಮಿಸ್ಡ್ ಕಾಲ್ ಎಂದರೆ ಒಂದು ಓಟು, ಒಂದು ಫೋನಿಗೆ ಒಂದೇ. ಕಡಿಮೆ ಬಿದ್ದವರು ಗಂಟುಮೂಟೆ ಕಟ್ಟಬೇಕು.

“ನಿಮ್ಮದು ನೀವು ಹಾಕಿ” ಎಂದರು ಭಟ್ಟರು.

“ನನ್ನದು ಮಧ್ಯಾಹ್ನವೇ ಸುಳ್ಯಕ್ಕೆ ಹೋಗಿ ಹಾಕಿದೆ. ಅಲ್ಲಿಂದಲೇ ಅವಳಿಗೆ ಫೋನೂ ಮಾಡಿದೆ. ‘ನಮ್ಮ ಊರಿಂದ ಯಾರಾದ್ರೂ ಹಾಕಿದ್ದಾರಾ ಅಪ್ಪ’ ಅಂತ ಕೇಳಿದ್ಲು. ‘ಊರಿಗೆ ಊರೇ ಹಾಕಿದೆ’ ಅಂತ ಹೇಳಿಬಿಟ್ಟೆ. ಮಂಡೆಕೋಲಿನಲ್ಲಿ ಬಸ್ಸಿಳಿದು ನೇರ ಇಲ್ಲಿಗೇ ಬಂದದ್ದು.” ಗೌಡರು ತಲೆ ತಗ್ಗಿಸಿದರು. “ಮಗಳಿಗೆ ಸುಳ್ಳು ಹೇಳಿದೆ ಭಟ್ರೆ. ಒಂದಾದ್ರೂ ನಿಜ ಆಗ್ಲಿ.”

“ಲಕ್ಷಗಟ್ಟಲೆ ಬೀಳುವಲ್ಲಿ ಒಂದು ಓಟಿನಿಂದ ಎಂತ ಆಗ್ತದೆ?” ಎಂದರು ಭಟ್ಟರು, ಮಲಗಿದಲ್ಲಿಂದಲೇ. ಬ್ಯಾನರ್ ಕೊಯ್ದ ಬೆಳಿಗ್ಗೆಯೂ ಅವರು ಇದೇ ಮಾತು ಹೇಳಿದ್ದರು. ಆಗ ಗೌಡರು ಅದಕ್ಕೆ ದೊಡ್ಡ ಭಾಷಣವನ್ನೇ ಬಿಗಿದಿದ್ದರು. ಈಗ ಪಕ್ಕದಲ್ಲಿ ಕುಳಿತರು, ಅಷ್ಟೆ. ಹಗಲಿಡೀ ಕಾದಿದ್ದ ಕಲ್ಲು ಇನ್ನೂ ಬೆಚ್ಚಗಿತ್ತು.

ಕೆಳಗೆ ಮನೆಯಿಂದ ಭಟ್ಟರ ಹೆಂಡತಿ ಗೋದಾವರಿ ಕೂಗಿದರು: “ನವ್ಯಾನ ಹಾಡು ಸುರುವಾಯ್ತು! ಕೇಳ್ತದಾ?” ಟಿವಿಯ ಸ್ವರ ಜೋರಾಯಿತು. ಹಳೆಯದೊಂದು ಸಿನಿಮಾ ಹಾಡು. ಹಿಂದೆ ಪಂಚಾಯತಿನ ಚುನಾವಣೆಯಲ್ಲಿ ಗೌಡರು ಅದೇ ಧಾಟಿಗೆ ತಮ್ಮ ಚಿಹ್ನೆ ಸೇರಿಸಿ ಆಟೋದ ಮೈಕಿನಲ್ಲಿ ಊರಿಡೀ ಬೊಬ್ಬೆ ಹೊಡೆಸಿದ್ದರು. ಅವರ ಎದುರಾಳಿಯೂ ಅದನ್ನೇ ಹಾಡಿಸಿದ್ದ. ಸಿನಿಮಾ ಹಾಡಿಗೆ ಪಕ್ಷವೆಂಬುದಿಲ್ಲ, ಕರೆದವರ ಜೊತೆ ಹೊರಟುಬಿಡುತ್ತದೆ. ಆದರೆ ಈ ಹುಡುಗಿಯ ಬಾಯಲ್ಲಿ ಅದು ಯಾರ ಜೊತೆಗೂ ಹೋಗದೆ, ರಬ್ಬರ್ ಎಲೆಗಳ ನಡುವಿನಿಂದ ನಿಧಾನವಾಗಿ ಪಾದೆಯವರೆಗೆ ಏರಿ ಬಂತು. ಎಷ್ಟು ಚೆಂದ ಹಾಡುತ್ತಾಳೆ ಎಂದುಕೊಂಡರು ಭಟ್ಟರು. ಹೇಳಲಿಕ್ಕೆ ಮಾತ್ರ ಬಿಗುಮಾನ ಬಿಡಲಿಲ್ಲ.

“ಗೌಡ್ರೆ, ಈ ಹಾಡು ಎಲ್ಲಿಂದ ಬರುದು ಗೊತ್ತುಂಟಾ?” ಎಂದು ಆಕಾಶಕ್ಕೇ ಹೇಳುವವರಂತೆ ಹೇಳಿದರು. “ಅವಳು ಅಲ್ಲಿ ಬಾಯಿ ತೆರೆದರೆ ಸ್ವರ ನೇರ ಮೇಲೆ ಉಪಗ್ರಹಕ್ಕೆ ಹೋಗ್ತದೆ. ಚಂದ್ರನ ದಾರಿಯಲ್ಲಿ ಹತ್ತನೇ ಒಂದು ಪಾಲು ದೂರ! ಅಲ್ಲಿಂದ ಕೆಳಗೆ ನಮ್ಮ ಡಿಶ್ಶಿಗೆ. ಡಿಶ್ಶಿಗೆ ಮಾತ್ರ ಅಲ್ಲ. ಈಗಲೂ ಬೀಳ್ತಾ ಉಂಟು, ನಿಮ್ಮ ತಲೆ ಮೇಲೆ, ನನ್ನ ಹೊಟ್ಟೆ ಮೇಲೆ. ಮಳೆಯ ಹಾಗೆಯೇ. ನೆನೆದು ಚಂಡಿ ಆಗುದಿಲ್ಲ ಅಷ್ಟೆ.”

ಗೌಡರು ಮೇಲೆ ನೋಡಿದರು. ಆಮೇಲೆ ಹನಿ ಬೀಳುತ್ತಿದೆಯೇ ಎಂದು ನೋಡುವವರಂತೆ ಅಂಗೈ ಚಾಚಿದರು.

“ಇಲ್ಲಿಗೂ ಬೀಳ್ತಾಳಾ ನಮ್ಮ ನವ್ಯಾ?”

“ಎಲ್ಲ ಕಡೆ. ಮೇಲಿಂದ ಬರುದೆಲ್ಲ ಬರ್ತದೆ ಗೌಡ್ರೆ. ನಮ್ಮಿಂದ ಮೇಲೆ ಹೋಗ್ಲಿಕ್ಕೆ ಮಾತ್ರ ದಾರಿ ಇಲ್ಲ.”

ಗೌಡರು ಕೈ ಹಿಂದೆಗೆಯಲಿಲ್ಲ. ಆ ಒರಟು ಅಂಗೈಯನ್ನು ನೋಡುತ್ತ ನೋಡುತ್ತ ಭಟ್ಟರ ಸಿಟ್ಟು ಎಲ್ಲಿಗೆ ಹೋಯಿತೋ. ಎದ್ದು ಕುಂಟಾಲದ ಬುಡಕ್ಕೆ ನಡೆದರು.

“ನಂಬ್ರ ಹೇಳಿ.”

ಗೌಡರಿಗೆ ಅದು ಬಾಯಿಪಾಠವಾಗಿತ್ತು. ಭಟ್ಟರು ಒತ್ತಿ, ಫೋನನ್ನು ತಲೆಯ ಮೇಲೆ ಹಿಡಿದರು. ಒಂದು ಕಡ್ಡಿ ಬಂತು, ಹೋಯಿತು. ಕೆಳಗೆ ಹಾಡು ಕೊನೆಯ ಚರಣಕ್ಕೆ ಬಂದಿತ್ತು. ಗೌಡರು ತಡೆಯಲಾರದೆ ಭಟ್ಟರ ಮೊಣಕೈ ಹಿಡಿದು ಇನ್ನಷ್ಟು ಮೇಲಕ್ಕೆ ಎತ್ತಿದರು. ಎರಡು ಕಡ್ಡಿ ಬಂತು. ಒಂದು ರಿಂಗು ಕೇಳಿಸಿ ಕಟ್ ಆಯಿತು. ಇಬ್ಬರೂ ಕೈ ಇಳಿಸದೆ ಹಾಗೆಯೇ ನಿಂತರು.

ಫೋನ್ ನಡುಗಿತು. ಭಟ್ಟರು ಕನ್ನಡಕ ಏರಿಸಿ ಓದಿದರು: ‘ನಿಮ್ಮ ಮತ ನಮಗೆ ತಲುಪಿದೆ. ಧನ್ಯವಾದಗಳು.’ ಮತ್ತೊಮ್ಮೆ ಓದಿದರು.

“ಎಂತ ಭಟ್ರೆ? ಆಗ್ಲಿಲ್ವಾ?” ಗೌಡರು ಫೋನಿನತ್ತ ಬಗ್ಗಿದರು.

ಭಟ್ಟರು ಫೋನನ್ನು ಅವರ ಅಂಗೈಯಲ್ಲಿಟ್ಟರು.

“ಉತ್ತರ ಬಂತು ಮಾರಾಯ್ರೆ” ಎಂದರು. “ಈ ಪಾದೆಯಿಂದ ಕಳಿಸಿದ್ದಕ್ಕೆ ಇಷ್ಟು ವರ್ಷದಲ್ಲಿ ಮೊದಲ ಸಲ.”