ಎರಡನೇ ವೈರು

"ಗಿಟಾರಿಂದ ಒಂದು ವೈರು ಈ ಡಬ್ಬದೊಳಕ್ಕೆ ಹೋಗ್ತೈತೆ, ಸರಿ. ಡಬ್ಬದಿಂದ ಒಂದು ಆಂಪ್ಲಿಫೈಯರ್‌ಗೆ ಹೋಗ್ತೈತೆ, ಅದೂ ಸರಿ. ಈ ಎರಡನೇದು ಎಲ್ಲಿಗೆ ಹೋಗ್ತೈತೆ?" ಎಂದರು ಪಾಪಯ್ಯ.

ಕೀಬೋರ್ಡಿನ ಹಿಂದೆ ಬಗ್ಗಿ ಪಿನ್ನು ಸಿಕ್ಕಿಸುತ್ತಿದ್ದ ಮುನಿರಾಜ್ ತಲೆ ಎತ್ತಲಿಲ್ಲ. "ಏನಿಲ್ಲ ಬಿಡಣ್ಣ. ಎಕೋ ಬರೋ ಡಬ್ಬ ಅದು. ನೀವು ನುಡ್ಸಿ, ನಾನು ಸೆಟ್ ಮಾಡ್ತೀನಿ."

'ಏನಿಲ್ಲ ಬಿಡಣ್ಣ' ಎಂಬ ಮಾತನ್ನು ಪಾಪಯ್ಯ ಜನ್ಮದಲ್ಲಿ ನಂಬಿದವರಲ್ಲ. ಮೂವತ್ತೊಂದು ವರ್ಷ ಆವತಿ ಸುತ್ತಿನಲ್ಲಿ ಲೈನ್‌ಮ್ಯಾನ್ ಆಗಿದ್ದವರು. ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟು ಕದ್ದವರೆಲ್ಲ ಮೊದಲು ಹೇಳುತ್ತಿದ್ದದ್ದು ಅದನ್ನೇ. ನಿವೃತ್ತಿಯಾದ ಮೇಲೆ ಅವರಿಗೆ ಉಳಿದದ್ದು ಮುನಿರಾಜನ ಈ ಆರ್ಕೆಸ್ಟ್ರಾ ಒಂದೇ. ತೊಡೆಯ ಮೇಲೆ ಸ್ಟೀಲ್ ಗಿಟಾರ್ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುತ್ತಾ ಕೂತರೆ ದೇವನಹಳ್ಳಿಯಲ್ಲಿ ಅವರೂ ಒಬ್ಬ ಮನುಷ್ಯ. ಇಲ್ಲದಿದ್ದರೆ ಸೊಸೆ ಹೇಳಿದ ಹಾಲಿನ ಪ್ಯಾಕೆಟ್ಟು ತರುವವರು, ಅಷ್ಟೇ.

ಅದಕ್ಕೂ ಕುತ್ತು ಬಂದಿದೆ ಎಂಬ ಗುಮಾನಿ ಸುಮ್ಮನೆ ಹುಟ್ಟಿದ್ದಲ್ಲ. ಹೋದ ವರ್ಷ ಇದೇ ಮುನಿರಾಜ್, ತಟ್ಟಿದರೆ ತುಂಬಿಟ್ಟ ಸದ್ದು ಹೊರಡಿಸುವ ಒಂದು ಪ್ಯಾಡ್ ತಂದಿದ್ದ. "ಸೌಂಡ್ ನೋಡೋಕೆ ಅಷ್ಟೇ" ಎಂದು ತಬಲಾದ ಆಂಜಿನಪ್ಪನಿಂದ ಒಂದೊಂದೇ ಪೆಟ್ಟು ಬಾರಿಸಿ ಅದರಲ್ಲಿ ತುಂಬಿಕೊಂಡ. ತಿಂಗಳೊಪ್ಪತ್ತಿನಲ್ಲಿ ಪ್ಯಾಡು ವೇದಿಕೆಯಲ್ಲಿ ಉಳಿಯಿತು, ಆಂಜಿನಪ್ಪ ಮನೆಯಲ್ಲಿ ಉಳಿದ. ಈಗ ಆರು ತಿಂಗಳಿಂದ, ಹಾಡಿನ ನಡುವೆ ಗಿಟಾರಿನ ಸರದಿ ಬಂದಾಗಲೇ ಮುನಿರಾಜನ ಕೈ ತನ್ನ ಕೀಬೋರ್ಡಿನ ತಿರುಪಿಗೆ ಹೋಗುವುದನ್ನು, ಹೋಗಿ ಸದ್ದು ಏರಿಸುವುದನ್ನು ಪಾಪಯ್ಯ ನೋಡುತ್ತಲೇ ಇದ್ದರು. ಮುಚ್ಚಿಹಾಕುವುದಕ್ಕಲ್ಲದೆ ಇನ್ನೇನಕ್ಕೆ? ಇವತ್ತು ಡಬ್ಬ ಬಂದಿದೆ. ನಾಳೆ ಗಿಟಾರು ಡಬ್ಬದೊಳಗೆ, ತಾನು ಮನೆಯೊಳಗೆ.

ರಿಸೆಪ್ಷನ್ ಸಂಜೆ ಏಳಕ್ಕೆ. ಕಲ್ಯಾಣ ಮಂಟಪದಲ್ಲಿ ಇನ್ನೂ ಕುರ್ಚಿಗಳಿಗೆ ಬಿಳಿ ಬಟ್ಟೆ ತೊಡಿಸುತ್ತಿದ್ದರು. ವಿಮಾನವೊಂದು ಛಾವಣಿ ಅದುರಿಸುತ್ತಾ ಇಳಿದು ಹೋಯಿತು. ಅದರ ಸದ್ದೆಲ್ಲ ಅಡಗಿದ ಮೇಲೆ ಗಾಯಕಿ ವಾಣಿಶ್ರೀ ಮೈಕು ಒರೆಸುತ್ತಾ ಏನೋ ಹೇಳಿದಳು.

"ಏನಮ್ಮಾ?"

"ಒಂದ್ಸಲ ನುಡ್ಸಿ ನೋಡಿ ಅಂದೆ ಅಣ್ಣ."

"ಈ ಏರೋಪ್ಲೇನು ಬಂದ್ಮೇಲೆ ಊರಲ್ಲಿ ಒಂದು ಮಾತೂ ಕೇಳ್ದಂಗಾಯ್ತು," ಎಂದು ಗೊಣಗಿ ಪಾಪಯ್ಯ ಗಿಟಾರನ್ನು ಆಂಪ್ಲಿಫೈಯರಿನ ಮೇಲಿಟ್ಟರು. "ನುಡ್ಸಲ್ಲ. ಮೊದ್ಲು ಇದು ಎಲ್ಲಿಗೆ ಹೋಗ್ತೈತೆ ನೋಡ್ತೀನಿ."

ಲೈನ್ ಹುಡುಕುವುದಕ್ಕೆ ಲೈನ್‌ಮ್ಯಾನ್‌ಗಳದ್ದೇ ಒಂದು ಕ್ರಮ ಇದೆ. ಕಣ್ಣನ್ನು ನಂಬಬಾರದು, ಯಾರ ಮಾತನ್ನೂ ನಂಬಬಾರದು. ಒಂದು ತುದಿ ಹಿಡಿದರೆ ಇನ್ನೊಂದು ತುದಿ ಸಿಗುವ ತನಕ ಕೈ ಬಿಡಬಾರದು. ಪಾಪಯ್ಯ ಅರವತ್ತಾರು ವರ್ಷದ ಮಂಡಿ ಊರಿ, ವೈರನ್ನು ಬೆರಳಲ್ಲಿ ಹಿಡಿದು ಹೊರಟರು. ಅದು ಜಮಖಾನದ ಕೆಳಗೆ ನುಗ್ಗಿತು. ಕದ್ದ ಲೈನು ಯಾವತ್ತೂ ರಾಜಾರೋಷವಾಗಿ ಹೋಗುವುದಿಲ್ಲ. ಜಮಖಾನ ಎತ್ತಿದರೆ ವೈರು ನೆಟ್ಟಗೆ ಕೀಬೋರ್ಡಿನ ಕಡೆ ಹೊರಟಿತ್ತು. ಸಿಕ್ಕಿಬಿದ್ದ ನನ್ಮಗ ಎಂದು ಅವರಿಗೆ ಒಳಗೊಳಗೇ ಖುಷಿಯಾಯಿತು.

"ಅಣ್ಣ, ಬೇಡ ಕಣಣ್ಣ, ಮೇಲೇಳಿ." ಮುನಿರಾಜ್ ಓಡಿ ಬಂದ. ಅವನ ಮುಖ ಇಂಗು ತಿಂದ ಮಂಗನಂತಾಗಿತ್ತು.

"ಯಾಕಪ್ಪಾ? ಆಂಜಿನಪ್ಪನ್ನ ಡಬ್ಬಕ್ಕೆ ಹಾಕಿದ್ದು ಸಾಲ್ದಾ? ನನ್ನೂ ತುಂಬ್ಕೊಂಡು ಮನೆಗೆ ಕಳಿಸ್ಬೇಕಾ?"

ಕೈ ಬಿಡಲಿಲ್ಲ. ವೈರು ಕೀಬೋರ್ಡಿನ ಕಾಲಿನ ತನಕ ಹೋಗಿ, ಅಲ್ಲಿ ನಿಲ್ಲದೆ, ಕಾಲನ್ನು ಬಳಸಿಕೊಂಡು ವಾಪಸ್ಸು ಹೊರಳಿತು. ಪಾಪಯ್ಯ ಅದರ ಹಿಂದೆಯೇ ಅಂಬೆಗಾಲಿಟ್ಟರು. ಅದು ಅವರದೇ ಕುರ್ಚಿಯ ಹತ್ತಿರ ಬಂದು, ಕುರ್ಚಿಗೆ ತೊಡಿಸಿದ್ದ ಬಿಳಿ ಬಟ್ಟೆಯೊಳಗೆ ಹೋಯಿತು. ಬಟ್ಟೆ ಸರಿಸಿದರೆ, ಬೆನ್ನಿನ ಎಡಬದಿಗೆ ದಾರದಲ್ಲಿ ಬಿಗಿದ ಒಂದು ಪುಟ್ಟ ಸ್ಪೀಕರು, ಕೂತವರ ಕಿವಿಗೆ ಮುಖ ಮಾಡಿಕೊಂಡು.

"ಇದ್ಯಾಕೆ?"

ವಾಣಿಶ್ರೀಯೇ ಹತ್ತಿರ ಬಂದು ಕೂತು, ತುಸು ಜೋರಾಗಿಯೇ ಹೇಳಿದಳು. "ನಿಮ್ಗೆ ಕೇಳಿಸ್ಲಿ ಅಂತ ಅಣ್ಣ. ಕೇಳಲ್ಲ ಅಂತ ನೀವು ಸೌಂಡ್ ಏರಿಸ್ತಾ ಹೋಗ್ತೀರ, ಮುಂದಿನ ಸಾಲಿನೋರು ಎದ್ದು ಹಿಂದಕ್ಕೆ ಹೋಗ್ತಾರೆ. ಸ್ವರಾನೂ ಅಲ್ಲಲ್ಲಿ ತಪ್ತೈತೆ. ತಪ್ಪಿದಾಗೆಲ್ಲ ಇವ್ರು ಕೀಬೋರ್ಡ್ ಏರಿಸಿ ಮುಚ್ಕೊಂಡು ಬಂದವ್ರೆ. ಈ ಡಬ್ಬ ಇದ್ರೆ ಹಾಲ್‌ಗೆ ಹದವಾಗಿ ಹೋಗ್ತೈತೆ, ನಿಮ್ಗೊಬ್ರಿಗೆ ಜೋರಾಗಿ."

"ಬೇಜಾರ್ ಮಾಡ್ಕೋತೀರ ಅಂತ ಹೇಳ್ಲಿಲ್ಲ," ಎಂದ ಮುನಿರಾಜ್. "ಆಂಜಿನಪ್ಪನ ವಿಷ್ಯ ನಾನು ಇಲ್ಲ ಅನ್ನಲ್ಲ. ತಬಲಾ ಬಾರ್ಸೋ ಡಬ್ಬ ಅಂಗಡೀಲಿ ಸಿಗ್ತೈತೆ, ತಂದೆ. ನಿಮ್ಮಂಗೆ ಇದನ್ನ ನುಡ್ಸೋ ಡಬ್ಬ ಎಲ್ಲೂ ಸಿಗಲ್ಲ. ಸಿಕ್ಕಿದ್ರೆ ಏನ್ಮಾಡ್ತಿದ್ನೋ ನಂಗೂ ಗೊತ್ತಿಲ್ಲಣ್ಣ."

ಪಾಪಯ್ಯ ನೆಲದ ಮೇಲೇ ಕೂತಿದ್ದರು. ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ, ಹೊತ್ತುಕೊಂಡು ತಿರುಗುತ್ತಿದ್ದ ಭಾರವೊಂದನ್ನು ಯಾರೋ ಇಳಿಸಿಕೊಂಡಂತಾಯಿತು. ಎದ್ದು, ಕುರ್ಚಿಗೆ ಬಿಗಿದಿದ್ದ ದಾರ ಬಿಚ್ಚತೊಡಗಿದರು. ಎಲ್ಲಿ ಕಿತ್ತು ಎಸೆಯುತ್ತಾರೋ ಎಂದು ಮುನಿರಾಜ್ ಕೈ ಅಡ್ಡ ಹಿಡಿದ.

ಪಾಪಯ್ಯ ಸ್ಪೀಕರನ್ನು ಅವನ ಕೈಗೇ ಕೊಟ್ಟರು.

"ಬಲಗಡೆ ಕಟ್ಟು," ಎಂದರು, ಬಹಳ ಮೆಲ್ಲಗೆ. "ಎಡಗಿವಿ ಹೋಗಿ ಮೂರು ವರ್ಷ ಆಯ್ತು."