ಖಾಲಿ ಗೇಟಿನ ಕೂಗು

ಗೇಟಿನ ಕೆಳಗೆ ಯಾರೂ ಇರಲಿಲ್ಲ. ಆದರೂ ಅದು ಕೂಗಿತು.

ರಿಪೇರಿಗೆ ಬಂದಿದ್ದ ಸೋಮಶೇಖರ ಕುತ್ತಿಗೆಯ ಬೆವರು ಒರೆಸಿಕೊಂಡು, ಕಂಬಕ್ಕೆ ಬಿಗಿದಿದ್ದ ಪೆಟ್ಟಿಗೆಯ ಮುಚ್ಚಳ ತೆಗೆದ. ಘಾಜಿಯಾಬಾದಿನ ಆ ಪಂಪ್ ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತುವ ಹೆಂಗಸರು ಮನೆಗೆ ಹೋಗುವಾಗ ಈ ಮೆಟಲ್ ಡಿಟೆಕ್ಟರ್ ಗೇಟನ್ನು ದಾಟಿಯೇ ಹೋಗಬೇಕು. ಶನಿವಾರ ಮಧ್ಯಾಹ್ನ ಸರಳಾ ದಾಟುವಾಗ ಅದು ಕೂಗಿತ್ತು. ಹೆಣ್ಣು ಗಾರ್ಡು ಕೋಣೆಗೆ ಕರೆದೊಯ್ದು ಬಟ್ಟೆ ಬಿಚ್ಚಿಸಿ ನೋಡಿದಳು, ಏನೂ ಸಿಗಲಿಲ್ಲ. ಸಿಗದಿದ್ದುದಕ್ಕೆ ಸರಳಾಳನ್ನು ಚಾಲಾಕಿ ಕಳ್ಳಿ ಎಂದರು, ಕೆಲಸದಿಂದ ತೆಗೆದರು. ಇಂದು, ಸೋಮವಾರ, ಅಧಿಕಾರಿಗಳ ಬಾಗಿಲಿಗೆ ಬಣ್ಣ ಬಳಿಯುತ್ತಿದ್ದುದರಿಂದ ಮಾಲೀಕರ ಅತಿಥಿಯೊಬ್ಬರು ಇದರಡಿ ಬಂದರು. ಆಗಲೂ ಕೂಗಿತು. ಯಂತ್ರ ಕೆಟ್ಟಿದೆಯೆಂದು ತಕ್ಷಣ ಎಲ್ಲರಿಗೂ ಹೊಳೆಯಿತು.

“ಅಲ್ಲಾ ಸಾರ್, ಕನ್ನಡದೋರು ಅಂತ ಮೊದಲೇ ಹೇಳಬಾರದಾ?” ಸೆಕ್ಯುರಿಟಿ ಸೂಪರ್‌ವೈಸರ್ ಈಶ್ವರಪ್ಪ ಸ್ಟೂಲು ಎಳೆದುಕೊಂಡ. ಮಿಲಿಟರಿಯಿಂದ ನಿವೃತ್ತನಾಗಿ ಇಲ್ಲಿ ಸೇರಿದವನು. “ದಿಲ್ಲಿ ಜನಕಪುರಿಯಿಂದ ಬ್ಲೂಲೈನ್ ಬಸ್ಸಲ್ಲಿ ಬಂದ್ರಾ? ಈ ಬಿಸಿಲಲ್ಲಿ? ಏನಾಗಿದೆಯಂತೆ ಇದಕ್ಕೆ?”

“ಒಳಗೊಂದು ಕಂಪ್ಯಾರೇಟರ್ ಇದೆ. ತಕ್ಕಡಿ ಅಂದ್ಕೊಳ್ಳಿ. ಒಂದು ತಟ್ಟೇಲಿ ನಾವಿಟ್ಟ ಮಿತಿ, ಇನ್ನೊಂದರಲ್ಲಿ ಗೇಟಿನಿಂದ ಬರೋ ಸಿಗ್ನಲ್. ಮಿತಿ ದಾಟಿದ್ರೆ ಕೆಂಪು ದೀಪ ಹೊತ್ತಿ ಕೂಗುತ್ತೆ.” ಸೋಮಶೇಖರ ಎರಡು ಇನ್‌ಪುಟ್‌ಗಳನ್ನೂ ಒಂದು ಚೂರು ತಂತಿಯಿಂದ ಜೋಡಿಸಿದ. “ಈಗ ಎರಡೂ ತಟ್ಟೆ ಸಮ. ಆದ್ರೂ ನೋಡಿ, ಕೆಂಪು ದೀಪ ಆರ್ತಿಲ್ಲ. ತಕ್ಕಡೀನೇ ಒಂದು ಕಡೆ ವಾಲಿದೆ. ಆಫ್‌ಸೆಟ್ ಅಂತೀವಿ. ಪೆಟ್ಟಿಗೆ ಕಾದಷ್ಟೂ ಜಾಸ್ತಿ, ಬಿಸಿಲೇರಿದಾಗ ಸುಮ್ಮಸುಮ್ಮನೆ ಕೂಗಿಬಿಡುತ್ತೆ.”

“ಹಾಗಾದ್ರೆ ಶನಿವಾರ...” ಈಶ್ವರಪ್ಪನ ಕಣ್ಣು ಹೊರಗಡೆ ಹೋಯಿತು.

ತಂತಿ ತೆಗೆದ ಮೇಲೂ ಖಾಲಿ ಗೇಟು ಮತ್ತೆ ಕೂಗಿತು. ಬೆಳಿಗ್ಗೆಯಿಂದ ಹೊರಗಿನ ಬೇಲಿಯ ಸರಳಿಗೆ ಆತು ನಿಂತಿದ್ದ ಸರಳಾ ನಕ್ಕಳು.

“ಈಗ ಯಾರನ್ನ ಹಿಡೀತೀರಿ, ಸಾಹೇಬ್? ಗಾಳಿಯ ಬಟ್ಟೆ ಬಿಚ್ಚಿಸ್ತೀರಾ?” ಆಮೇಲೆ ಸೋಮಶೇಖರನ ಕಡೆ ತಿರುಗಿ ದನಿ ತಗ್ಗಿಸಿದಳು. “ಭಯ್ಯಾ, ಇದನ್ನ ಸರಿ ಮಾಡಬೇಡಿ. ಮ್ಯಾನೇಜರ್ ಬಂದು ಒಂದು ಸಲ ಕೇಳಿಸಿಕೊಳ್ಳಲಿ. ನನ್ನ ಪರವಾಗಿ ಮಾತಾಡ್ತಿರೋದು ಇದೊಂದೇ.”

ಸೋಮಶೇಖರ ಸ್ಕ್ರೂಡ್ರೈವರ್ ಕೆಳಗಿಟ್ಟ. ಈಶ್ವರಪ್ಪನಿಂದ ಮ್ಯಾನೇಜರಿಗೆ ಫೋನು ಹಚ್ಚಿಸಿ ತಾನೇ ಮಾತಾಡಿದ.

“ಸರ್, ದೋಷ ಯಂತ್ರದ್ದೇ. ಶನಿವಾರವೂ ಇದೇ ಆಗಿರಬೇಕು. ನೀವೊಮ್ಮೆ ಕೆಳಗೆ ಬಂದರೆ...”

“ಅಚ್ಛಾ, ದೋಷ ಸಿಕ್ತಲ್ಲ? ತಿದ್ದಿ. ಬಂದು ನೋಡೋಕೇನಿದೆ?”

“ಆ ಹೆಂಗಸಿನ ಕೆಲಸ, ಸರ್.”

“ನಿಮ್ಮನ್ನ ಕರೆಸಿದ್ದು ಗೇಟಿಗೆ.” ಫೋನು ಸತ್ತಿತು.

ಈಶ್ವರಪ್ಪ ನೆಲ ನೋಡುತ್ತಿದ್ದ. “ತಿದ್ದಿಬಿಡಿ ಸಾರ್. ನನಗೆ ಗೊತ್ತಾಗಲ್ಲ ಅಂತಲ್ಲ. ಬಾಯಿಬಿಟ್ರೆ ನಾಳೆ ನನ್ನನ್ನೂ ಅವಳ ಪಕ್ಕ ನಿಲ್ಲಿಸ್ತಾರೆ. ಈಗ ಶಿಫ್ಟ್ ಬಿಡುತ್ತೆ. ಹಿಂಗೇ ಕೂಗ್ತಿದ್ರೆ ಎಲ್ಲರನ್ನೂ ಆ ಕೋಣೆಗೆ ಕಳಿಸಬೇಕಾಗುತ್ತೆ.”

ಅದು ನಿಜವಾಗಿತ್ತು. ಸರಳಾಳ ಮುಖ ನೋಡದೆ ಸೋಮಶೇಖರ ಮತ್ತೆ ಎರಡು ಇನ್‌ಪುಟ್‌ಗಳನ್ನು ಜೋಡಿಸಿ, ಪುಟ್ಟ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ. ದೀಪ ಆರಿತು. ಹಿಂದಕ್ಕೆ ತಿರುಗಿಸಿದ; ಹೊತ್ತಿತು. ಆರುವುದಕ್ಕೂ ಹೊತ್ತುವುದಕ್ಕೂ ನಡುವಿನ ಅಂಚು ಹುಡುಕಿ ನಿಲ್ಲಿಸಿ, ಅದು ಅಲುಗದಂತೆ ಮೇಲೊಂದು ಹನಿ ಅರಗು ಬಿಟ್ಟ. ತಂತಿ ಬಿಡಿಸಿ, ಕೈಯಲ್ಲಿ ಬೀಗದ ಕೈ ಹಿಡಿದು ದಾಟಿದ, ಕೂಗಿತು. ಬರಿಗೈಯಲ್ಲಿ ದಾಟಿದ, ಕೂಗಲಿಲ್ಲ. ಒಳ್ಳೆಯ ಕೆಲಸ. ಅವನಿಗೆ ಅಲ್ಲೇ ನೆಲದ ಮೇಲೆ ಮಲಗಿಬಿಡುವಷ್ಟು ಆಯಾಸವಾಯಿತು.

ಸೈರನ್ ಆಯಿತು. ಹೆಂಗಸರು ಸಾಲಾಗಿ ಬಂದರು. ಶನಿವಾರದ ಭಯಕ್ಕೆ ಗೇಟಿನಡಿ ಬಂದೊಡನೆ ಒಬ್ಬೊಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದರು. ಗೇಟು ಯಾರಿಗೂ ಕೂಗಲಿಲ್ಲ.

ಸರಳಾ ಸರಳು ಹಿಡಿದು ಅವರ ಕಣ್ಣಿಗೆ ಬೀಳಲು ಕಾದಳು. ದಿನವೂ ಅವಳ ಡಬ್ಬಿಯಿಂದ ರೊಟ್ಟಿ ಮುರಿದು ತಿನ್ನುತ್ತಿದ್ದ ಅಹಲ್ಯಾ ಅವಳ ಪಕ್ಕದಲ್ಲೇ ಹಾದುಹೋದಳು, ಜೊತೆಯವಳಿಗೆ ಹೇಳುತ್ತ:

“ನೋಡಿದ್ಯಾ? ಅವಳನ್ನ ತೆಗೆದ್ರು, ಗೇಟು ಸುಮ್ಮನಾಯ್ತು.”