ಬರ್ತೀನಿ ಇಲ್ಲದ ಸಾಲು

ಕಂಟ್ರೋಲ್ ರೂಮಿನ ಎರಡಂತಸ್ತಿನ ಎತ್ತರದ ಪರದೆಯ ಮೇಲೆ ದಾವಣಗೆರೆಯ ಹೊಸ್ತಿಲುಗಳ ಮಾತು ಇಳಿಯುತ್ತಿತ್ತು. ಬೆಳಿಗ್ಗೆ ಮನೆಯಿಂದ ಹೊರಟವರು ಬಾಗಿಲಲ್ಲಿ ಆಡಿದ್ದೆಲ್ಲ ಅಕ್ಷರವಾಗಿ ಅಲ್ಲಿಗೆ ಬರುತ್ತಿತ್ತು. 'ಹೋಗಿ ಬರ್ತೀನಿ' ಅಂದವರನ್ನು ಗಿರಿಜಾಂಬ ಬಿಟ್ಟುಬಿಡುತ್ತಿದ್ದಳು. ಬರೀ 'ಹೋಗ್ತೀನಿ' ಅಂದವರ ಸಾಲಿಗೆ ಕೆಂಪು ಒತ್ತುತ್ತಿದ್ದಳು. ಅಂಥವರು ಮರಳಿ ಬರುವ ಮನಸ್ಸಿಲ್ಲದವರು. ಅವರನ್ನು ಹುಡುಕಲು ಜೀಪು ಹೊರಡುತ್ತಿತ್ತು. ಸಣ್ಣ ಪರದೆಯಲ್ಲಿ ಈ ಕೆಲಸ ಆಗದು. ಇಡೀ ಬೀದಿಯನ್ನು ಒಟ್ಟಿಗೆ ನೋಡಿದರೆ ಮಾತ್ರ 'ಬರ್ತೀನಿ' ಇಲ್ಲದ ಸಾಲು ಉದುರಿದ ಹಲ್ಲಿನ ಜಾಗದ ಹಾಗೆ ಕಣ್ಣಿಗೆ ಬೀಳುತ್ತದೆ.

'ಹಾಲು ಫ್ರಿಜ್ಜಲ್ಲಿ ಇಟ್ಟಿದೀನಿ. ಹೋಗ್ತೀನಿ.'

ಅದರ ಕೆಳಗೆ ಮನೆಯವರ ಉತ್ತರ: 'ಹ್ಞೂಂ.'

ಗಿರಿಜಾಂಬ ಕೆಂಪು ಒತ್ತಿದಳು.

"ಯಾವ ಏರಿಯಾ ಮೇಡಂ?" ಪಕ್ಕದ ಕುರ್ಚಿಯ ತಿಪ್ಪೇಶ ಕೇಳಿದ. ಜೀಪಿಗೆ ವಿಳಾಸ ಹೇಳುವವನು ಅವನೇ.

ಅವಳು ಸಾಲಿನ ತುದಿಯಲ್ಲಿದ್ದ ವಿಳಾಸ, ವೇಳೆ ಓದಿಕೊಂಡಳು; ತಾನು ಡ್ಯೂಟಿಗೆ ಹೊರಡುವ ಮುಂಚಿನದು. "ನಮ್ಮನೇದು."

ತಿಪ್ಪೇಶನ ಕೈ ಮೈಕಿನ ಮೇಲೆಯೇ ನಿಂತಿತು. "ಯಜಮಾನ್ರಾ?"

"ಹೂಂ. ಜೀಪಿನವರಿಗೆ ಹೇಳಪ್ಪ, ಫೋಟೋ ನಾನು ಕಳಿಸ್ತೀನಿ." ಅವಳು ಮುಂದಿನ ಬೀದಿ ತೆರೆದಳು. ಅಲ್ಲಿ ಎಲ್ಲರೂ ಬರುವವರೇ ಇದ್ದರು.

ಕೆಂಪು ಬಿದ್ದ ಮನೆಯಲ್ಲಿ ಉತ್ತರ ಕೊಟ್ಟವರಿಗೆ ತಾನಾಗಿ ಒಂದು ಕರೆ ಹೋಗುತ್ತದೆ. ಅವಳ ಬ್ಯಾಗಿನೊಳಗೆ ಫೋನು ಬಡಿದುಕೊಂಡಿತು. ಎತ್ತಿದಾಗ ದಿನವೂ ಅದೇ ಪ್ರಶ್ನೆ ಕೇಳುವ ರೆಕಾರ್ಡ್ ಮಾಡಿದ ದನಿ ಕೇಳಿತು: "ಹೊರಡುವಾಗ ಅವರು ಏನಂದರು?"

"ಗೊತ್ತಿಲ್ಲ," ಅಂದಳು ಗಿರಿಜಾಂಬ. "ನಾನು ಕೇಳಿಸ್ಕೊಳ್ಳಲಿಲ್ಲ."